ಕಾಲೇಜಿಗೆ ದುಡ್ಡು ಎಲ್ಲಿಂದ ಬರುತ್ತದೆ?



ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ನಮ್ಮ ಕಡೆ ಬಹಳ ಮನೆಗಳಲ್ಲಿ ಒಂದು ಮಾತು ಬರುತ್ತದೆ. "ಓದ್ಸೋಕೇನೋ ಆಸೆ ಐತೆ, ದುಡ್ಡೆಲ್ಲಿಂದ ತರೋದು?" ಈ ಮಾತು ಬಂದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಕೊನೆಗೆ ಹಿರಿಯರು ಯಾರಾದರೂ "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಅಂದುಬಿಡುತ್ತಾರೆ. ಗಾದೆ ಸುಳ್ಳಲ್ಲ. ಆದರೆ ಹಾಸಿಗೆ ಎಷ್ಟುದ್ದ ಇದೆ ಅಂತ ಅಳತೆಯನ್ನೇ ಮಾಡದೆ ಕಾಲು ಮಡಚಿಕೊಂಡರೆ ಹೇಗೆ?

ನಮ್ಮ ಅಕ್ಕ ಡಿಗ್ರಿಗೆ ಸೇರುವಾಗ ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ಅವಳ ಜೊತೆ ನಾನೂ ನಾಡಕಚೇರಿ, ಬ್ಯಾಂಕು, ಸೈಬರ್ ಸೆಂಟರ್ ಅಂತ ಅಲೆದೆ. ಅಲೆದಾಗ ತಿಳಿದದ್ದನ್ನು, ಆಮೇಲೆ ಕೇಳಿ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮೂರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ಗೆಳೆಯರ ಜೊತೆ ಸೇರಿ 'ವಿಜ್ಞಾನ' ಎಂಬ ಪತ್ರಿಕೆ ಹೊರಡಿಸಿ, ಎಂಥ ಕಷ್ಟದ ವಿಷಯವನ್ನೂ ಕನ್ನಡದಲ್ಲಿ ತಿಳಿಸಬಹುದು ಎಂದು ತೋರಿಸಿದರು. ಸ್ಕಾಲರ್‌ಶಿಪ್ ಅರ್ಜಿ ವಿಜ್ಞಾನಕ್ಕಿಂತ ಕಷ್ಟವೇನಲ್ಲ. ಕೆಲವು ಸಲ ಮಾತ್ರ ಹಾಗೆ ಅನ್ನಿಸುತ್ತದೆ, ಅಷ್ಟೆ!

ಹಿಂದಿನವರು ಹೇಗೆ ಓದಿದರು?

ನಮ್ಮ ತಾತನ ಕಾಲದಲ್ಲಿ 'ವಾರಾನ್ನ' ಎಂಬ ಪದ್ಧತಿ ಇತ್ತು. ಬಡ ಹುಡುಗ ಪಟ್ಟಣಕ್ಕೆ ಓದಲು ಹೋದರೆ ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಹೀಗೆ ಏಳು ದಿನಕ್ಕೆ ಏಳು ಮನೆ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಅದರಲ್ಲೇ ಓದಿ ಮೇಲೆ ಬಂದವರು ಎಷ್ಟೋ ಜನ.

ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. ಡಾ. ಅಂಬೇಡ್ಕರ್ ಅವರು 1913ರಲ್ಲಿ ಬರೋಡದ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಪರಿಶಿಷ್ಟ ಜಾತಿ ಮಕ್ಕಳಿಗೆ ಹತ್ತನೇ ತರಗತಿಯ ನಂತರ ಕೊಡುವ ವಿದ್ಯಾರ್ಥಿವೇತನ ಶುರುವಾಗಿದ್ದು 1944ರಲ್ಲಿ, ಅಂದರೆ ಸ್ವಾತಂತ್ರ್ಯಕ್ಕಿಂತ ಮೊದಲೇ. ಅದು ಇಂದಿಗೂ ನಡೆಯುತ್ತಿದೆ.

ನಮ್ಮ ತುಮಕೂರಿನ ಸಿದ್ಧಗಂಗಾ ಮಠದ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಸುಮಾರು 10,000 ಮಕ್ಕಳು ಅಲ್ಲಿ ಜಾತಿ ಭೇದವಿಲ್ಲದೆ ಊಟ, ವಸತಿ, ವಿದ್ಯೆ ಪಡೆಯುತ್ತಾರೆ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದ ದಿನ ನಮ್ಮೂರಲ್ಲೂ ಕಣ್ಣೀರು ಹಾಕದವರಿಲ್ಲ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನೆರವು ಪಡೆದು ಓದುವುದು ಹೊಸದೂ ಅಲ್ಲ, ಅವಮಾನವೂ ಅಲ್ಲ. ದೊಡ್ಡ ದೊಡ್ಡವರೇ ಹಾಗೆ ಓದಿದ್ದಾರೆ.

ನಾಲ್ಕು ಬಗೆಯ ನೆರವು

ಮೊದಮೊದಲು ನಾನು ನೆರವು ಅಂದರೆ ಸ್ಕಾಲರ್‌ಶಿಪ್ ಒಂದೇ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದರಲ್ಲಿ ನಾಲ್ಕು ಬಗೆ ಇದೆ. ನಾನು ಅವಕ್ಕೆ ನನ್ನದೇ ಹೆಸರು ಇಟ್ಟುಕೊಂಡಿದ್ದೇನೆ.

1. ಕಟ್ಟದೆ ಉಳಿಯುವ ದುಡ್ಡು. ಇದು ಶುಲ್ಕ ವಿನಾಯಿತಿ. ಕಾಲೇಜಿನ ಫೀಸು ಒಂದೇ ಗಂಟಲ್ಲ. ಬೋಧನಾ ಶುಲ್ಕ, ಪ್ರಯೋಗಾಲಯ ಶುಲ್ಕ, ಪರೀಕ್ಷಾ ಶುಲ್ಕ, ವಿಶ್ವವಿದ್ಯಾಲಯದ ಶುಲ್ಕ ಹೀಗೆ ಹಲವು ಸೇರಿರುತ್ತವೆ. ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಇಂಜಿನಿಯರಿಂಗ್‌ಗೆ ಸಿ.ಇ.ಟಿ. ಬರೆದವರಿಗೆ 'ಎಸ್.ಎನ್.ಕ್ಯು.' ಎಂಬ ಸೀಟುಗಳಿವೆ. ಪ್ರತಿ ಕೋರ್ಸಿನಲ್ಲೂ ಶೇಕಡಾ 5ರಷ್ಟು ಹೆಚ್ಚುವರಿ ಸೀಟು. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದು ಒಳ್ಳೆಯ ರ್‍ಯಾಂಕ್ ಬಂದರೆ ಬೋಧನಾ ಶುಲ್ಕ ಇಲ್ಲದೆ ಓದಬಹುದು. ಇನ್ನೊಂದು ವಿಷಯ: ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ ನಮಗೆ ಸಿ.ಇ.ಟಿ.ಯಲ್ಲಿ ಗ್ರಾಮೀಣ ಮೀಸಲಾತಿ ಶೇಕಡಾ 15 ಇದೆ, ಕನ್ನಡ ಮಾಧ್ಯಮಕ್ಕೆ ಶೇಕಡಾ 5. ಇದು ನೇರವಾಗಿ ದುಡ್ಡಲ್ಲ. ಆದರೆ ಸರ್ಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಫೀಸಿನಲ್ಲಿ ಭೂಮಿ ಆಕಾಶದ ಅಂತರ ಇರುವುದರಿಂದ ದುಡ್ಡಿಗಿಂತ ಹೆಚ್ಚು. ಪರಿಶಿಷ್ಟ ಜಾತಿಯ ಕೇಂದ್ರ ವಿದ್ಯಾರ್ಥಿವೇತನ ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಸಿಗುವುದೂ ಇಲ್ಲ. ಆದ್ದರಿಂದ ಸೀಟು ಯಾವ ದಾರಿಯಲ್ಲಿ ಬಂತು ಅನ್ನುವುದರ ಮೇಲೆ ನೆರವು ನಿಂತಿದೆ.

2. ಕೈಗೆ ಬರುವ ದುಡ್ಡು. ಇದೇ ವಿದ್ಯಾರ್ಥಿವೇತನ. ನಮ್ಮ ರಾಜ್ಯದಲ್ಲಿ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಹೀಗೆ ಬೇರೆ ಬೇರೆ ಇಲಾಖೆಗಳು ಕೊಡುತ್ತವೆ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ 'ಸಾಂದೀಪನಿ' ಇದೆ. ಅಪ್ಪ ಅಮ್ಮ ಗಾರೆ ಕೆಲಸ, ಕಟ್ಟಡ ಕೆಲಸ ಮಾಡುತ್ತಿದ್ದು ಕಾರ್ಮಿಕ ಕಾರ್ಡ್ ಮಾಡಿಸಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿಯ ಕೇಂದ್ರ ಯೋಜನೆಗೆ ಮನೆಯ ಆದಾಯ ವರ್ಷಕ್ಕೆ 2.5 ಲಕ್ಷ ಮೀರಬಾರದು. ಪರಿಶಿಷ್ಟ ಜಾತಿಯವರು ಮೊದಲ ಸಲಕ್ಕೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಪ್ರೋತ್ಸಾಹಧನ ಬೇರೆ ಇದೆ. ಪಿ.ಯು.ಸಿ. ಮತ್ತು ಡಿಪ್ಲೊಮಾಕ್ಕೆ 20,000, ಡಿಗ್ರಿಗೆ 25,000 ರೂಪಾಯಿ.

ಜಾತಿ ನೋಡದೆ ಅಂಕದ ಮೇಲೆ ಕೊಡುವ ಕೇಂದ್ರದ ವಿದ್ಯಾರ್ಥಿವೇತನವೂ ಇದೆ. ಪಿ.ಯು.ಸಿ.ಯಲ್ಲಿ ಮೇಲಿನ ಶೇಕಡಾ 20ರೊಳಗೆ ಬಂದವರು, ಆದಾಯ 4.5 ಲಕ್ಷದ ಒಳಗಿದ್ದರೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ಡಿಗ್ರಿಯ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ.

ಸರ್ಕಾರದ ಹೊರಗೂ ಕೊಡುವವರಿದ್ದಾರೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಹತ್ತನೇ ತರಗತಿ ಮತ್ತು ಪಿ.ಯು.ಸಿ. ಎರಡನ್ನೂ ಸರ್ಕಾರಿ ಶಾಲಾ ಕಾಲೇಜಿನಲ್ಲಿ ಓದಿ, ಡಿಗ್ರಿ ಅಥವಾ ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ನೋಡಿ, ಸರ್ಕಾರಿ ಶಾಲೆಯಲ್ಲಿ ಓದಿದ್ದೇ ಇಲ್ಲಿ ಯೋಗ್ಯತೆ! ಹತ್ತನೇ ತರಗತಿಯಲ್ಲಿ ಶೇಕಡಾ 90 ತೆಗೆದ ಬಡವರ ಮಕ್ಕಳಿಗೆ ಪಿ.ಯು.ಸಿ. ಓದಲು 'ವಿದ್ಯಾಧನ್' ಎಂಬ ನೆರವೂ ಇದೆ.

3. ಊಟ ಮತ್ತು ಮಲಗುವ ಜಾಗ. ಅಕ್ಕನ ಕಾಲೇಜಿನ ಫೀಸನ್ನೂ ಪಟ್ಟಣದಲ್ಲಿ ರೂಮು ಮಾಡಿ ಊಟ ಮಾಡುವ ಖರ್ಚನ್ನೂ ಅಪ್ಪ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ನೋಡಿದರು. ಊಟ, ಬಾಡಿಗೆಯ ಖರ್ಚೇ ಫೀಸಿಗಿಂತ ಹೆಚ್ಚಾಗಿತ್ತು! ಅದಕ್ಕೇ ಸರ್ಕಾರಿ ಹಾಸ್ಟೆಲ್ ಅನ್ನುವುದು ಬಹಳ ದೊಡ್ಡ ನೆರವು. ತುಮಕೂರಿನಲ್ಲಿ ಸಮಾಜ ಕಲ್ಯಾಣದವರ, ಹಿಂದುಳಿದ ವರ್ಗದವರ ಹಾಸ್ಟೆಲುಗಳಿವೆ. ಅರ್ಜಿ ಹಾಕಿಯೂ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ 2013-14ರಲ್ಲಿ 'ವಿದ್ಯಾಸಿರಿ' ಯೋಜನೆ ಶುರುವಾಯಿತು. ಆಗ ಊಟ ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಎಂದಿತ್ತು. ಊರಿಗೂ ಕಾಲೇಜಿಗೂ 5 ಕಿಲೋಮೀಟರಿಗಿಂತ ಹೆಚ್ಚು ದೂರ ಇರಬೇಕು ಎಂಬುದು ಅದರ ನಿಯಮ. ಬೆಳ್ಳಾವಿಯಿಂದ ತುಮಕೂರಿಗೆ ಓಡಾಡುವವರಿಗೆ ಆ ತೊಂದರೆಯಿಲ್ಲ. ಓಡಾಡುವ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಗಂಡುಮಕ್ಕಳಿಗೆ ರಿಯಾಯಿತಿ ಪಾಸು.

4. ತೀರಿಸಬೇಕಾದ ದುಡ್ಡು. ಇದು ಸಾಲ. ಇದನ್ನು ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಇದು ಕೊನೆಗೇ ಬರಬೇಕು. ಲೆಕ್ಕವನ್ನು ಮುಂದೆ ಹೇಳುತ್ತೇನೆ.

ಅರ್ಜಿ ಹೋಗುವ ದಾರಿ

ಮೊದಲು ಒಂದೊಂದು ಇಲಾಖೆಗೂ ಒಂದೊಂದು ಅರ್ಜಿ ಇರುತ್ತಿತ್ತು. ಈಗ ರಾಜ್ಯದ ಬಹುತೇಕ ಇಲಾಖೆಗಳಿಗೆ ಒಂದೇ ಜಾಗ, ಎಸ್.ಎಸ್.ಪಿ. ಅಂದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ. ಕೇಂದ್ರದ್ದಕ್ಕೆ ಎನ್.ಎಸ್.ಪಿ. ಬೇರೆ ಇದೆ. ಎಸ್.ಎಸ್.ಪಿ.ಗೆ ಆಧಾರ್ ಮೂಲಕ ಹೆಸರು ನೋಂದಾಯಿಸಬೇಕು. ಜಾತಿ, ಆದಾಯ ಪ್ರಮಾಣ ಪತ್ರದ ಮೇಲೆ 'ಆರ್.ಡಿ.' ಎಂದು ಶುರುವಾಗುವ ಒಂದು ಉದ್ದದ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಾಕಿದ ಕೂಡಲೇ ಪ್ರಮಾಣ ಪತ್ರ ಸರಿಯಿದೆಯೋ ಇಲ್ಲವೋ ಅಂತ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ವ್ಯಾಸಂಗ ಪತ್ರ, ಫೀಸಿನ ರಸೀದಿ ಮುಂತಾದವನ್ನು ಕಾಲೇಜಿನಲ್ಲಿ ಗೊತ್ತುಪಡಿಸಿದವರಿಂದ ಇ-ದೃಢೀಕರಣ ಮಾಡಿಸಬೇಕು. ಆಮೇಲೆ ಅರ್ಜಿ ಇಲಾಖೆಗೆ ಹೋಗಿ ಮಂಜೂರಾಗುತ್ತದೆ. ಕೊನೆಗೆ ದುಡ್ಡು ನೇರವಾಗಿ ಖಾತೆಗೆ ಬರುತ್ತದೆ. ಒಂದು ವರ್ಷ ಹಾಕಿದೆ, ಸಾಕು ಅನ್ನುವ ಹಾಗಿಲ್ಲ. ಪ್ರತಿ ವರ್ಷವೂ ಹಾಕಬೇಕು.

ಇಲ್ಲಿ ಮುಖ್ಯವಾದ ಮಾತೊಂದಿದೆ. ಕಾಲೇಜು ಫೀಸು ಕೇಳುವುದು ಸೇರುವ ದಿನ. ಸರ್ಕಾರದ ದುಡ್ಡು ಬರುವುದು ಎಷ್ಟೋ ತಿಂಗಳಾದ ಮೇಲೆ. ಬಡವರ ಮನೆ ಸೋಲುವುದು ಇವೆರಡರ ನಡುವಿನ ಸಂದಿಯಲ್ಲಿ.

ಅಕ್ಕನ ದುಡ್ಡು ಎಲ್ಲಿ ಹೋಗಿತ್ತು?

ನಮ್ಮ ಮನೆಯಲ್ಲಿ ಆ ಸಂದಿಯನ್ನು ತುಂಬಿದ್ದು ಅಮ್ಮನ ಓಲೆ. ಅದನ್ನು ಗಿರವಿ ಇಟ್ಟು ಅಕ್ಕನ ಫೀಸು ಕಟ್ಟಿದರು. "ಸ್ಕಾಲರ್‌ಶಿಪ್ ಬಂದ ಕೂಡ್ಲೇ ಬಿಡಿಸ್ಕೊಂಡ್ರಾಯ್ತು ಬಿಡು" ಅಂದರು. ಅರ್ಜಿ ಹಾಕಿದ್ದಾಯಿತು. ದಸರಾ ಹೋಯಿತು, ಸಂಕ್ರಾಂತಿ ಹೋಯಿತು. ಅಕ್ಕ ಪ್ರತಿ ಸಂತೆ ದಿನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಿದ್ದಳು. ಏನೂ ಬಂದಿರಲಿಲ್ಲ. ಅಮ್ಮ ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡೇ ಮದುವೆ ಮನೆಗಳಿಗೆ ಹೋಗಿ ಬಂದರು. ಯಾರಾದರೂ ಕೇಳಿದರೆ "ಕಿವಿ ನೋವು ಕಣಮ್ಮ" ಅನ್ನುತ್ತಿದ್ದರು.

ಯುಗಾದಿ ಹತ್ತಿರ ಬಂದಾಗ ಅಕ್ಕನ ಕಾಲೇಜಿನ ಮೇಷ್ಟ್ರೊಬ್ಬರು ಅವಳ ಅರ್ಜಿಯ ಸ್ಥಿತಿ ತೆಗೆಸಿ ನೋಡಿದರು. "ದುಡ್ಡು ಬಂದು ಎರಡು ತಿಂಗಳಾಯ್ತಲ್ಲಮ್ಮ! ಇದು ಯಾವ ಬ್ಯಾಂಕು?" ಅಂದರು. ನೋಡಿದರೆ ಅದು ಅವಳು ಏಳನೇ ತರಗತಿಯಲ್ಲಿದ್ದಾಗ ತೆರೆದಿದ್ದ ಹಳೇ ಖಾತೆ! ಪಾಸ್‌ಬುಕ್ ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ದುಡ್ಡು ಅಲ್ಲಿ ತಣ್ಣಗೆ ಕೂತಿತ್ತು. ನಾವು ಇಲ್ಲಿ ಬಡ್ಡಿ ಕಟ್ಟುತ್ತಿದ್ದೆವು.

ಹಾಗೇಕಾಯಿತು? ಈ ದುಡ್ಡು ಹೋಗುವುದು ಖಾತೆ ಸಂಖ್ಯೆ ನೋಡಿ ಅಲ್ಲ, ಆಧಾರ್ ಸಂಖ್ಯೆ ನೋಡಿ. ಆಧಾರ್‌ಗೆ ಯಾವ ಬ್ಯಾಂಕಿನ ಖಾತೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ನಮ್ಮ ಹತ್ತಿರ ನಾಲ್ಕು ಪಾಸ್‌ಬುಕ್ ಇರಬಹುದು, ಜೋಡಣೆ ಇರುವುದು ಒಂದಕ್ಕೆ ಮಾತ್ರ. ಬ್ಯಾಂಕಿನಲ್ಲಿ "ಎನ್.ಪಿ.ಸಿ.ಐ. ಜೋಡಣೆ ಯಾವ ಖಾತೆಗಿದೆ ನೋಡಿ" ಅಂತ ಕೇಳಿದರೆ ಹೇಳುತ್ತಾರೆ. ಈ ಒಂದು ಪ್ರಶ್ನೆ ನಮಗೆ ಮೊದಲೇ ಗೊತ್ತಿದ್ದರೆ ಓಲೆ ಎರಡು ತಿಂಗಳು ಮೊದಲೇ ಮನೆಗೆ ಬರುತ್ತಿತ್ತು.

ನಮ್ಮದಾದರೂ ಸುಖಾಂತ್ಯ. ಅಕ್ಕನ ಜೊತೆಯವಳೊಬ್ಬಳು ಅವಳಿಗಿಂತ ಚೆನ್ನಾಗಿ ಓದುತ್ತಿದ್ದಳು. ಅವಳ ಆದಾಯ ಪ್ರಮಾಣ ಪತ್ರದ ಅವಧಿ ಮುಗಿದಿತ್ತು. ಅರ್ಜಿ ಹಾಕಲು ಕೂತಾಗಲೇ ಅದು ಗೊತ್ತಾಗಿದ್ದು. ಹೊಸದು ಮಾಡಿಸುವಷ್ಟರಲ್ಲಿ ಕೊನೇ ದಿನಾಂಕ ಕಳೆದುಹೋಯಿತು. ಎರಡನೇ ವರ್ಷ ಅವಳು ಕಾಲೇಜಿಗೆ ಬರಲಿಲ್ಲ. ಈಗ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಬೆಳಿಗ್ಗೆ ಅಕ್ಕ ಹತ್ತುವ ಬಸ್ಸಿಗೇ ಅವಳೂ ಹತ್ತುತ್ತಾಳೆ. ಒಂದು ಕಾಗದದ ಮೇಲಿನ ತಾರೀಖಿಗೆ ಇಷ್ಟು ಶಕ್ತಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಸಾಲದ ಲೆಕ್ಕ

ಈಗ ಸಾಲಕ್ಕೆ ಬರೋಣ. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ 4 ಲಕ್ಷದವರೆಗೆ ಆಸ್ತಿ ಅಡವಿಡುವಂತಿಲ್ಲ, ನಮ್ಮ ಕೈಯಿಂದ ಪಾಲು ಹಾಕುವಂತಿಲ್ಲ. ಅಪ್ಪ ಅಥವಾ ಅಮ್ಮ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಸರ್ಕಾರದ ಖಾತರಿ ನಿಧಿ ಇದೆ. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷ ಆದ ಮೇಲೆ. ತೀರಿಸಲು 15 ವರ್ಷದವರೆಗೆ ಕಾಲ ಕೊಡುತ್ತಾರೆ.

"ಕಂತು ಆಮೇಲೆ ತಾನೇ" ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಕಂತು ನಿಂತಿರುತ್ತದೆ, ಬಡ್ಡಿ ನಿಂತಿರುವುದಿಲ್ಲ! ಲೆಕ್ಕಕ್ಕೆ ಸುಲಭವಾಗಲಿ ಅಂತ ಬಡ್ಡಿ ಶೇಕಡಾ 10, ಸರಳ ಬಡ್ಡಿ ಎಂದಿಟ್ಟುಕೊಳ್ಳಿ. ನಾಲ್ಕು ವರ್ಷದ ಕೋರ್ಸಿಗೆ ಪ್ರತಿ ವರ್ಷದ ಆರಂಭದಲ್ಲಿ 50,000ದಂತೆ ಒಟ್ಟು 2 ಲಕ್ಷ ಸಾಲ. ಕಂತು ಶುರುವಾಗುವುದು ಐದು ವರ್ಷಕ್ಕೆ.

ಮೊದಲ ವರ್ಷದ 50,000ಕ್ಕೆ 5 ವರ್ಷದ ಬಡ್ಡಿ 25,000
ಎರಡನೇ ವರ್ಷದ್ದಕ್ಕೆ 4 ವರ್ಷದ ಬಡ್ಡಿ 20,000
ಮೂರನೆಯದಕ್ಕೆ 3 ವರ್ಷದ ಬಡ್ಡಿ 15,000
ನಾಲ್ಕನೆಯದಕ್ಕೆ 2 ವರ್ಷದ ಬಡ್ಡಿ 10,000
ಒಟ್ಟು ಬಡ್ಡಿ 70,000

ಅಂದರೆ ಮೊದಲನೇ ಕಂತು ಕಟ್ಟುವ ದಿನ ಸಾಲ 2 ಲಕ್ಷ ಇರುವುದಿಲ್ಲ, 2 ಲಕ್ಷ 70 ಸಾವಿರ ಆಗಿರುತ್ತದೆ. ನಮ್ಮ ಗಣಿತದ ಪುಸ್ತಕದ ಸರಳ ಬಡ್ಡಿ ಪಾಠ ಇದೇ ಕಣ್ರೋ!

ಈ 70,000ವನ್ನು ಸರ್ಕಾರವೇ ಕಟ್ಟುವ ದಾರಿಯೂ ಇದೆ. ಆದಾಯ 4.5 ಲಕ್ಷದ ಒಳಗಿದ್ದು, ಮಾನ್ಯತೆ ಪಡೆದ ಕಾಲೇಜಿನಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಓದುವವರಿಗೆ ಓದುವ ಕಾಲ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಭರಿಸುವ ಯೋಜನೆ 2009ರಿಂದ ಇದೆ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ 'ಪಿ.ಎಂ. ವಿದ್ಯಾಲಕ್ಷ್ಮಿ' ಯೋಜನೆಯಲ್ಲಿ ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಲ್ಲಿ ಸೀಟು ಪಡೆದ, ಆದಾಯ 8 ಲಕ್ಷದ ಒಳಗಿನವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿ. ನಮ್ಮ ರಾಜ್ಯದ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ನಿಗಮಗಳಲ್ಲಿ 'ಅರಿವು' ಎಂಬ ಸಾಲ ಇದೆ. ಸಿ.ಇ.ಟಿ. ಮೂಲಕ ಸೀಟು ಪಡೆದವರಿಗೆ ಶೇಕಡಾ 2ರ ದರದಲ್ಲಿ ಸಿಗುತ್ತದೆ. ಆದ್ದರಿಂದ ಕೈಸಾಲಕ್ಕೆ, ಮೀಟರ್ ಬಡ್ಡಿಗೆ ಹೋಗುವ ಮೊದಲು ಇವನ್ನು ಕೇಳಿ ನೋಡಬೇಕು.

ಈಗಲೇ ಮಾಡಬೇಕಾದ್ದು

ಎಂಟನೇ ತರಗತಿಯ ತಮ್ಮ ತಂಗಿಯರೇ, ನಿಮಗೂ ಒಂದು ಇದೆ. ಎನ್.ಎಂ.ಎಂ.ಎಸ್. ಪರೀಕ್ಷೆ ಬರೆಯಿರಿ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಪಿ.ಯು.ಸಿ. ಮುಗಿಯುವವರೆಗೆ ವರ್ಷಕ್ಕೆ 12,000. ನಾಲ್ಕು ವರ್ಷಕ್ಕೆ 48,000 ರೂಪಾಯಿ! ಅದನ್ನು ಮುಟ್ಟದೆ ಇಟ್ಟರೆ ಡಿಗ್ರಿ ಸೇರುವ ದಿನ ಯಾರ ಓಲೆಯೂ ಗಿರವಿಗೆ ಹೋಗಬೇಕಾಗಿಲ್ಲ.

ಉಳಿದವರು ಈ ಬೇಸಿಗೆ ರಜದಲ್ಲೇ ಐದು ಕೆಲಸ ಮಾಡೋಣ.

ಒಂದು, ಆಧಾರ್‌ನಲ್ಲಿರುವ ಹೆಸರೂ ಅಂಕಪಟ್ಟಿಯ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ನೋಡುವುದು. ಇನಿಷಿಯಲ್ ಹಿಂದೆ ಮುಂದೆ ಆದರೂ ತಕರಾರು ಬರುತ್ತದೆ.

ಎರಡು, ಜಾತಿ, ಆದಾಯ ಪ್ರಮಾಣ ಪತ್ರದ ತಾರೀಖು ನೋಡುವುದು. ಮುಗಿದಿದ್ದರೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಕೊಡುವುದು.

ಮೂರು, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳುವುದು.

ನಾಲ್ಕು, ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣ ಪತ್ರಕ್ಕೆ ಹೆಡ್‌ಮಾಸ್ಟರ್ ಮತ್ತು ಬಿ.ಇ.ಓ. ಸಹಿ ಮಾಡಿಸಿ ಇಟ್ಟುಕೊಳ್ಳುವುದು. ಗ್ರಾಮೀಣ ಮೀಸಲಾತಿಗೆ ಇದು ಬೇಕೇ ಬೇಕು.

ಐದು, ಅರ್ಜಿ ಹಾಕಿದ ಮೇಲೆ ಬರುವ ಸಂಖ್ಯೆಯನ್ನು ಮೊಬೈಲ್‌ನಲ್ಲಷ್ಟೇ ಅಲ್ಲ, ನೋಟ್ ಪುಸ್ತಕದಲ್ಲೂ ಬರೆದಿಡುವುದು.

ಎರಡು ಎಚ್ಚರಿಕೆಯ ಮಾತು. "ಇಷ್ಟು ಕೊಡಿ, ಸ್ಕಾಲರ್‌ಶಿಪ್ ಮಾಡಿಸಿಕೊಡ್ತೀನಿ" ಅನ್ನುವವರಿಗೆ ದುಡ್ಡೂ ಕೊಡಬಾರದು, ಓ.ಟಿ.ಪಿ.ಯೂ ಹೇಳಬಾರದು. ಇನ್ನೊಂದು, ಯೋಜನೆಗಳು ಬದಲಾಗುತ್ತವೆ. 2021ರಲ್ಲಿ ರೈತರ ಮಕ್ಕಳಿಗೆಂದು 'ರೈತ ವಿದ್ಯಾನಿಧಿ' ಶುರುವಾದಾಗ ಡಿಗ್ರಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದಿತ್ತು. ಹೋದ ವರ್ಷ ಪಕ್ಕದ ಮನೆಯವರಿಗೆ ಬಂದಿತ್ತು ಅಂತ ಈ ವರ್ಷ ನಮಗೂ ಬಂದೇ ಬರುತ್ತದೆ ಎಂದು ಲೆಕ್ಕ ಹಾಕಬಾರದು. ಆಯಾ ವರ್ಷದ ಪ್ರಕಟಣೆ ನೋಡಿಯೇ ನಂಬಬೇಕು.

ಗುರುಗಳಲ್ಲಿ ನನ್ನದೊಂದು ವಿನಂತಿ. ಈ ಭಿತ್ತಿಪತ್ರಿಕೆಯ ಪಕ್ಕದಲ್ಲಿ ಒಂದು ಹಾಳೆಯಷ್ಟು ಜಾಗ ಖಾಲಿ ಬಿಡಬೇಕು. ಯಾವ ಸ್ಕಾಲರ್‌ಶಿಪ್‌ಗೆ ಕೊನೇ ದಿನ ಯಾವತ್ತು ಎಂಬುದನ್ನು ಅದರಲ್ಲಿ ದಪ್ಪ ಅಕ್ಷರದಲ್ಲಿ ನಾವೇ ಬರೆಯುತ್ತೇವೆ. ಈ ಊರಿನಲ್ಲಿ ಇನ್ನೊಬ್ಬರ ಓದು ತಾರೀಖು ಗೊತ್ತಿಲ್ಲದೆ ನಿಲ್ಲಬಾರದು.

ಅಳುವ ಮಗುವಿಗೇ ಹಾಲು ಅನ್ನುತ್ತಾರೆ. ನಾವು ಅಳಬೇಕಾಗಿಲ್ಲ. ವೇಳೆಗೆ ಸರಿಯಾಗಿ, ಸರಿಯಾದ ಕಾಗದ ಹಿಡಿದು ಕೇಳಿದರೆ ಸಾಕು. ಹಾಸಿಗೆ ನಾವು ಅಂದುಕೊಂಡಿದ್ದಕ್ಕಿಂತ ಒಂದು ಗೇಣಾದರೂ ಉದ್ದ ಇದೆ. ಅಳೆದು ನೋಡಿ ಎಂದು ಹೇಳುತ್ತಾ ನನ್ನ ಲೇಖನ ಮುಗಿಸುತ್ತೇನೆ.

ತಪ್ಪಿದ್ದರೆ ತಿದ್ದಿ. ಹೊಸದು ಗೊತ್ತಿದ್ದರೆ ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ.